ಹಳೇ ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್: ಕಲಬುರಗಿ ಬಿಸಿಲಲ್ಲಿ ಹಾಕಿಸಿದವರು ಇದ್ದೀರಾ?

ಸೇಡಂರೋಡ್_32
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2006ರ ಆಕ್ಟೇವಿಯಾ ಇದೆ. 1.8 ಟರ್ಬೊ ಪೆಟ್ರೋಲ್, 150 ಪಿಎಸ್‌ನದು. ಪೂರ್ತಿ ಸ್ಟಾಕ್ ಗಾಡಿ, ರೀಮ್ಯಾಪ್ (ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವುದು) ಏನೂ ಮಾಡಿಸಿಲ್ಲ. ದೀಪಾವಳಿಯಿಂದ ಶಿವರಾತ್ರಿವರೆಗೆ ಬಂಗಾರದಂಥ ಗಾಡಿ. ಬಿಸಿಲು ಶುರುವಾಯಿತೆಂದರೆ ಬೆಳಗ್ಗೆ ಹನ್ನೊಂದರ ಮೇಲೆ ದಮ್ಮೇ ಇರುವುದಿಲ್ಲ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುವಾಗ ಸಿಮೆಂಟ್ ಲಾರಿ ಹಿಂದೆ ಹಾಕೋಣ ಅಂತ ಮೂರನೇ ಗೇರ್‌ಗೆ ಇಳಿಸಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಏಳುವುದೇ ಇಲ್ಲ. ಎಸಿ ಹಾಕಿದ್ದರಂತೂ ಕೇಳಲೇಬೇಡಿ.

ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಟ್ರಾಫಿಕ್‌ನಲ್ಲಿ ನಿಂತು ನಿಂತು ರಿಂಗ್ ರೋಡಿಗೆ ಬಂದರೆ ಮೊದಲ ಎರಡು ಮೂರು ಕಿಲೋಮೀಟರ್ ಇನ್ನೂ ಕಷ್ಟ. ಆಮೇಲೆ ಸ್ವಲ್ಪ ಸುಧಾರಿಸುತ್ತದೆ. ಚೆಕ್ ಎಂಜಿನ್ ದೀಪ ಬಂದಿಲ್ಲ, ಹೊಗೆ ಇಲ್ಲ. ಪ್ಲಗ್, ಏರ್ ಫಿಲ್ಟರ್, ಆಯಿಲ್ ಎಲ್ಲ ಹೊಸದು.

ಹೈದರಾಬಾದ್‌ನ ಒಬ್ಬರು ಟರ್ಬೊ ಒತ್ತಿ ಬಿಸಿಮಾಡಿದ ಗಾಳಿಯನ್ನ ಎಂಜಿನ್‌ಗೆ ಹೋಗುವ ಮುಂಚೆ ತಣಿಸುವ, ಬಂಪರ್ ಹಿಂದೆ ಅಡ್ಡಲಾಗಿ ಕೂರುವ ದೊಡ್ಡ ಇಂಟರ್‌ಕೂಲರ್ ಹಾಕಿಸಿ ಅಂತಾರೆ. ನಮ್ಮೂರ ಮಿಸ್ತ್ರಿ ಲಾರಿಯದ್ದು ಕತ್ತರಿಸಿ ಕೂರಿಸಿಕೊಡ್ತೀನಿ ಅಂತಾರೆ. ಯಾವುದು ಸರಿ? ಎಸಿ, ರೇಡಿಯೇಟರ್‌ಗೆ ತೊಂದರೆ ಆಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬೂಸ್ಟ್_ಅಫಜಲಪುರ
ಕಣ್ಣು ಮುಚ್ಚಿ ದೊಡ್ಡದು ಹಾಕಿಸಿ ಅಣ್ಣಾ. ನಮ್ಮ ಬಿಸಿಲಿಗೆ ಕಂಪನಿಯದು ಏನೂ ಸಾಲದು.

ಭೀಮಾತೀರ_33
ಕಣ್ಣು ಮುಚ್ಚಿ ಏನೂ ಮಾಡಬೇಡಿ. ಮೊದಲು ಅಳತೆ ತೆಗೆಯಿರಿ.

ಈ ಎಂಜಿನ್‌ನಲ್ಲಿ ಅದು ಸುಲಭ. ಲ್ಯಾಪ್‌ಟಾಪ್, ವಿಸಿಡಿಎಸ್ (ಗಾಡಿಯ ಕಂಪ್ಯೂಟರ್ ಓದುವ ಸಾಫ್ಟ್‌ವೇರ್) ಕೇಬಲ್ ಇರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಗ್ರೂಪ್ 115ರಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ಎಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕೇಳುತ್ತಿದೆ, ಎಷ್ಟು ಸಿಗುತ್ತಿದೆ ಎರಡೂ ಕಾಣುತ್ತವೆ. 118ರಲ್ಲಿ ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು ಅಂತ ಗೊತ್ತಾಗುತ್ತದೆ. 020ರಲ್ಲಿ ನಾಕಿಂಗ್ (ಬಿಸಿಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಆಗಿ ಯಾವ ಸಿಲಿಂಡರ್‌ನ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಎಷ್ಟು ಹಿಂದೆ ಸರಿದಿದೆ ಅನ್ನುವುದು ಸಿಗುತ್ತದೆ. ಮೂರನೇ ಗೇರ್‌ನಲ್ಲಿ 2,000ದಿಂದ 5,500 ಆರ್‌ಪಿಎಂವರೆಗೆ ಪೂರ್ತಿ ಒತ್ತಿ ಲಾಗ್ ಮಾಡಿ. ಖಾಲಿ ರಸ್ತೆಯಲ್ಲಿ ಮಾತ್ರ.

ಬೂಸ್ಟ್ ಸರಿಯಿದ್ದು ಗಾಳಿ ಬಿಸಿಯಾಗಿದ್ದರೆ ಇಂಟರ್‌ಕೂಲರ್ ಮಾತಾಡೋಣ. ಬೂಸ್ಟೇ ಕಡಿಮೆ ಇದ್ದರೆ ನಿಮ್ಮ ರೋಗ ಬೇರೆ.

ನೌಬಾದ್_ಗ್ಯಾರೇಜ್
ಭೀಮಾತೀರದವರು ಹೇಳಿದ್ದು ಸರಿ. ನಾನು ಬೀದರ್‌ನಲ್ಲಿ ಇಂಥ ಗಾಡಿಗಳನ್ನ ಬಹಳ ವರ್ಷದಿಂದ ನೋಡುತ್ತಿದ್ದೇನೆ. ಇನ್ನೊಂದು ಮಾತು ಸೇರಿಸುತ್ತೇನೆ.

ಈ ಮಾಡೆಲ್‌ನಲ್ಲಿ ಇಂಟರ್‌ಕೂಲರ್ ಇರುವುದು ಮಧ್ಯದಲ್ಲಿ ಅಲ್ಲ. ಮುಂದಿನ ಬಲಗಾಲಿಯ ಮುಂದೆ, ಬಂಪರ್ ಮೂಲೆಯಲ್ಲಿ. ಬಂಪರ್‌ನ ಜಾಲರಿಯಿಂದ ಅದರ ತನಕ ಗಾಳಿ ಒಯ್ಯಲು ಒಂದು ಕರೀ ಪ್ಲಾಸ್ಟಿಕ್ ಡಕ್ಟ್ ಇರುತ್ತದೆ. ಗಾಳಿ ಹೊರಗೆ ಹೋಗಲು ಗಾಲಿ ಪಕ್ಕದ ಲೈನರ್‌ನಲ್ಲಿ ಕಿಂಡಿಗಳಿರುತ್ತವೆ. ಬಂಪರ್ ಒಮ್ಮೆ ಬಿಚ್ಚಿ ಪೇಂಟ್ ಮಾಡಿದ ಗಾಡಿಯಲ್ಲಿ ಈ ಡಕ್ಟ್ ವಾಪಸ್ ಕೂತಿರುವುದು ಅಪರೂಪ. ಕ್ಲಿಪ್ ಮುರಿದಿರುತ್ತದೆ, ಹುಡುಗರು ಮೂಲೆಗೆ ಎಸೆದಿರುತ್ತಾರೆ. ಡಕ್ಟ್ ಇಲ್ಲದಿದ್ದರೆ ಗಾಳಿ ಇಂಟರ್‌ಕೂಲರ್ ಒಳಗೆ ಹಾಯುವುದಿಲ್ಲ. ಅಕ್ಕಪಕ್ಕದ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಗಾಳಿ ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ.

ಇನ್ನು ನಿಮ್ಮ ಕಡೆಯ ಧೂಳು. ಶಹಾಬಾದ್ ಕಲ್ಲಿನ ಪುಡಿ, ವಾಡಿ ಕಡೆಯ ಸಿಮೆಂಟ್ ಧೂಳು, ಎರೆ ಮಣ್ಣು. ಟರ್ಬೊದಿಂದ ಬಂದ ತೆಳು ಆಯಿಲ್ ಹೋಸ್ ಜೋಡಣೆಯಲ್ಲಿ ಜಿನುಗಿದರೆ ಅದರ ಮೇಲೆ ಈ ಧೂಳು ಕೂತು ಫಿನ್ (ಕೂಲರ್‌ನ ತೆಳು ತಗಡಿನ ಸಾಲು) ಪೂರ್ತಿ ಗಟ್ಟಿಯಾಗುತ್ತದೆ. ನೀರು ಹೊಡೆದರೆ ಹೋಗಲ್ಲ. ಬಂಪರ್ ಬಿಚ್ಚಿ ನೋಡದೆ ಹೊಸದಕ್ಕೆ ದುಡ್ಡು ಸುರಿಯಬೇಡಿ.

ಬೂಸ್ಟ್_ಅಫಜಲಪುರ
ಎಲ್ಲ ಸರಿ ಅಣ್ಣಾರೆ, ಆದರೆ ಆ ಮೂಲೆಯ ಇಂಟರ್‌ಕೂಲರ್ ಚಿಕ್ಕದು ಅನ್ನುವುದು ಇಡೀ ಪ್ರಪಂಚಕ್ಕೆ ಗೊತ್ತು. ಯುರೋಪಿನ ತಂಪಿನಲ್ಲೇ ಜನ ಅದನ್ನ ಬದಲಿಸುತ್ತಾರೆ. ನಾವು 43 ಡಿಗ್ರಿಯಲ್ಲಿ ಓಡಿಸುವವರು.

ಮೆಕ್ಯಾನಿಕಲ್_ಫೈನಲ್
ನನ್ನದೊಂದು ಸಂದೇಹ. ದೊಡ್ಡದು ಹಾಕಿದರೆ ತುಂಬಿಸಬೇಕಾದ ಜಾಗ ಜಾಸ್ತಿ, ಆದ್ದರಿಂದ ಟರ್ಬೊ ಲ್ಯಾಗ್ (ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ಹೆಚ್ಚುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸಿಟಿಯಲ್ಲಿ ಓಡಿಸಲು ಕಷ್ಟ ಆಗಲ್ವಾ?

ಭೀಮಾತೀರ_33
ಲೆಕ್ಕ ಹಾಕಿ ನೋಡಿ ತಮ್ಮಾ. 1.8 ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ 1.8 ಲೀಟರ್ ಗಾಳಿ ಎಳೆಯುತ್ತದೆ. 2,500 ಆರ್‌ಪಿಎಂನಲ್ಲಿ ನಿಮಿಷಕ್ಕೆ 1,250 ಸಲ, ಅಂದರೆ 2,250 ಲೀಟರ್. ಸೆಕೆಂಡಿಗೆ ಸುಮಾರು 37 ಲೀಟರ್. ದೊಡ್ಡ ಕೂಲರ್, ಉದ್ದ ಪೈಪ್ ಎಲ್ಲ ಸೇರಿ 5 ಲೀಟರ್ ಜಾಗ ಜಾಸ್ತಿ ಆಯಿತು ಅಂತಿಟ್ಟುಕೊಳ್ಳಿ. ಸೆಕೆಂಡಿನ ಏಳನೇ ಒಂದು ಭಾಗ. ಕಾಲಿಗೆ ಗೊತ್ತಾದರೆ ಸ್ವಲ್ಪ ಗೊತ್ತಾಗಬಹುದು, ಅಷ್ಟೇ.

ನಿಜವಾದ ನಷ್ಟ ಬೇರೆ ಕಡೆ ಇದೆ. ಅಗ್ಗದ ಕೂಲರ್‌ನ ಒಳಗಿನ ದಾರಿ ಇಕ್ಕಟ್ಟಾಗಿದ್ದರೆ, ಪೈಪಿಗೆ ಸುಮ್ನೆ ನಾಲ್ಕೈದು ಬಾಗು ಕೊಟ್ಟರೆ, ಒತ್ತಡ ಅಲ್ಲೇ ಬಿದ್ದುಹೋಗುತ್ತದೆ. ಟರ್ಬೊ 0.7 ಬಾರ್ ಕೊಟ್ಟರೂ ಎಂಜಿನ್‌ಗೆ ಸಿಗುವುದು 0.5. ಅದನ್ನ ಸರಿದೂಗಿಸಲು ಟರ್ಬೊ ಇನ್ನೂ ಜೋರು ತಿರುಗಬೇಕು, ಗಾಳಿ ಇನ್ನೂ ಬಿಸಿ. ಒಳ್ಳೇ ಕೂಲರ್‌ನಲ್ಲಿ ಈ ಇಳಿತ 0.1 ಬಾರ್ ಒಳಗೇ ಇರಬೇಕು.

ಲಾಭವನ್ನೂ ಲೆಕ್ಕ ಹಾಕೋಣ. ಹೊರಗೆ 43 ಡಿಗ್ರಿ. 0.6 ಬಾರ್‌ಗೆ ಒತ್ತಿದಾಗ ಟರ್ಬೊ ಬಾಯಿಂದ ಬರುವ ಗಾಳಿ ಸುಮಾರು 110 ಡಿಗ್ರಿ ಇರುತ್ತದೆ. ಬಿಸಿಯಾಗಿ ಕೂತ ಚಿಕ್ಕ ಕೂಲರ್ ಅದನ್ನ 76ಕ್ಕೆ ಇಳಿಸಿತು, ದೊಡ್ಡದು 60ಕ್ಕೆ ಇಳಿಸಿತು ಅಂದರೆ ಗಾಳಿಯ ಸಾಂದ್ರತೆ ಶೇಕಡಾ 5ರಷ್ಟು ಹೆಚ್ಚುತ್ತದೆ. 150ಕ್ಕೆ ಏಳೆಂಟು ಪಿಎಸ್. ಅದಕ್ಕಿಂತ ದೊಡ್ಡ ಲಾಭ ನಾಕಿಂಗ್ ಕಡಿಮೆಯಾಗಿ ಟೈಮಿಂಗ್ ಜಾಗಕ್ಕೆ ಬರುವುದು. ಬಿಸಿಲಲ್ಲಿ ಗಾಡಿ ಸತ್ತ ಹಾಗೆ ಆಗುವುದು ಅಲ್ಲೇ.

ಥಂಡಾಗಾಳಿ_ಎಸಿ
ನನ್ನ ಕಸುಬು ಕಾರ್ ಎಸಿ, ಆ ಕಡೆಯಿಂದ ಹೇಳುತ್ತೇನೆ. ಅಡ್ಡಲಾಗಿ ಕೂರುವ ಇಂಟರ್‌ಕೂಲರ್ ಬರುವುದು ಎಸಿ ಕಂಡೆನ್ಸರ್ (ಎಸಿ ಗ್ಯಾಸ್ ತಣಿಸುವ ಭಾಗ) ಮುಂದೆ. ಅದರ ಹಿಂದೆ ರೇಡಿಯೇಟರ್. ಅಂದರೆ ಹೊರಗಿನ 43 ಡಿಗ್ರಿ ಗಾಳಿ ಮೊದಲು ಇಂಟರ್‌ಕೂಲರ್‌ನಲ್ಲಿ ಬಿಸಿಯಾಗಿ, ಆಮೇಲೆ ಕಂಡೆನ್ಸರ್‌ಗೆ ಬಂದು, ಕೊನೆಗೆ ರೇಡಿಯೇಟರ್ ತಲುಪುತ್ತದೆ. ಹೈವೇಯಲ್ಲಿ 80ರಲ್ಲಿ ಹೋಗುವಾಗ ನಡೆಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಫ್ಯಾನ್ ಒಂದೇ ಗತಿ. ದಪ್ಪ ಕೂಲರ್ ಮುಂದೆ ನಿಂತರೆ ಫ್ಯಾನ್ ಎಳೆಯುವ ಗಾಳಿ ಕಡಿಮೆ. ಎಸಿ ಹೈ ಸೈಡ್ ಪ್ರೆಶರ್ ಏರುತ್ತದೆ, ಕಂಪ್ರೆಸರ್ ಕಟ್ ಆಗುತ್ತದೆ, ಒಳಗೆ ಕೂತವರು ಬೇಯುತ್ತಾರೆ.

ಮೇ ತಿಂಗಳಲ್ಲಿ ನನ್ನ ಹತ್ತಿರ ಇಂಥ ಗಾಡಿಗಳು ಬರುತ್ತವೆ. ಮಾಲೀಕರು ಗ್ಯಾಸ್ ಕಡಿಮೆ ಇದೆ ತುಂಬಿ ಅಂತಾರೆ. ಗ್ಯಾಸ್ ಸರಿಯೇ ಇರುತ್ತದೆ, ಮುಂದೆ ಗೋಡೆ ಕಟ್ಟಿರುತ್ತಾರೆ. ಹಾಕಿಸಲೇಬೇಕು ಅಂದರೆ ತೆಳ್ಳಗಿನದು ಹಾಕಿಸಿ, ಬಂಪರ್‌ನ ಕೆಳಗಿನ ಜಾಲರಿ ಎದುರು ಬರುವ ಹಾಗೆ ಕೂರಿಸಿ. ಕಂಡೆನ್ಸರ್‌ನ ಮೇಲಿನ ಭಾಗ ತೆರೆದಿರಲಿ. ಫ್ಯಾನ್ ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಬಿಚ್ಚಿಹಾಕಬೇಡಿ.

ಕಪನೂರ_ಆರ್ಗಾನ್
ಲಾರಿ ಇಂಟರ್‌ಕೂಲರ್ ಬಗ್ಗೆ ಕೇಳಿದ್ದಿರಿ. ಅಲ್ಯೂಮಿನಿಯಂ ಆರ್ಗಾನ್ ವೆಲ್ಡಿಂಗ್ ನನ್ನ ದಿನದ ಕೆಲಸ. ಕತ್ತರಿಸಿ ಕಾರಿಗೆ ಹೊಂದಿಸುವುದು ಆಗುತ್ತದೆ. ಆದರೆ ಮೂರು ಮಾತು ಕೇಳಿ.

ಗುಜರಿಯ ಕೂಲರ್ ಒಳಗೆ ಡೀಸೆಲ್ ಗಾಡಿಯ ಆಯಿಲ್, ಮಸಿ ಕೂತಿರುತ್ತದೆ. ಅದು ಪೂರ್ತಿ ಹೋಗದೆ ವೆಲ್ಡಿಂಗ್ ಮಾಡಿದರೆ ಜೋಡಣೆಯಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಕಣ್ಣಿಗೆ ಕಾಣಲ್ಲ, ನೀರಲ್ಲಿ ಮುಳುಗಿಸಿ ಗಾಳಿ ಬಿಟ್ಟರೆ ಗುಳ್ಳೆ ಬರುತ್ತದೆ. ಎರಡನೆಯದು, ಕೋರ್ (ಟ್ಯೂಬ್, ಫಿನ್ ಇರುವ ನಡುಭಾಗ) ಕತ್ತರಿಸಿದಾಗ ಅಲ್ಯೂಮಿನಿಯಂ ಚೂರು ಒಳಗೆ ಬೀಳುತ್ತವೆ. ಫಿನ್ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಚೂರು ಸಾಕು, ಬೂಸ್ಟ್ ಬಂದ ದಿನ ಸೀದಾ ಎಂಜಿನ್ ಒಳಗೆ. ಮೂರನೆಯದು, ಲಾರಿಯದ್ದು ದೊಡ್ಡ ಎಂಜಿನ್‌ಗೆ ಮಾಡಿದ್ದು. ಅರ್ಧ ಕತ್ತರಿಸಿದ ಮೇಲೆ ಗಾಳಿ ಎರಡು ತುದಿಗೂ ಸಮ ಹಂಚಿಕೆ ಆಗುವ ಹಾಗೆ ಎಂಡ್ ಟ್ಯಾಂಕ್ (ತುದಿಯ ಗಾಳಿ ಡಬ್ಬಿ) ಹೊಸದಾಗಿ ಕಟ್ಟಬೇಕು. ಡಬ್ಬಿ ಹಾಗೆ ಚೌಕ ಟ್ಯಾಂಕ್ ಅಂಟಿಸಿದರೆ ಗಾಳಿ ಎದುರಿನ ನಾಲ್ಕು ಟ್ಯೂಬ್‌ನಲ್ಲೇ ಓಡುತ್ತದೆ, ಉಳಿದ ಕೋರ್ ದಂಡ.

ಹೊಸ ಕೋರ್ ತರಿಸಿ, ಟ್ಯಾಂಕ್ ನಾನು ಕಟ್ಟಿಕೊಡುತ್ತೇನೆ. ಹಳೇದು ತಂದರೆ ಆ ಕೆಲಸ ಒಪ್ಪಿಕೊಳ್ಳಲ್ಲ.

ಮೆಕ್ಯಾನಿಕಲ್_ಫೈನಲ್
ಬಾರ್ ಅಂಡ್ ಪ್ಲೇಟ್ ಕೋರ್ ಒಳ್ಳೇದಾ, ಟ್ಯೂಬ್ ಅಂಡ್ ಫಿನ್ ಒಳ್ಳೇದಾ?

ಕಪನೂರ_ಆರ್ಗಾನ್
ಬಾರ್ ಅಂಡ್ ಪ್ಲೇಟ್ ತೂಕ ಜಾಸ್ತಿ, ಗಟ್ಟಿ, ಕಲ್ಲು ಬಡಿದರೆ ತಡೆಯುತ್ತದೆ. ಲೋಹ ಜಾಸ್ತಿ ಇರುವುದರಿಂದ ಬಿಸಿಯಾಗಲು ಹೊತ್ತು ಬೇಕು, ಬಿಸಿಯಾದ ಮೇಲೆ ತಣ್ಣಗಾಗಲೂ ಹೊತ್ತು ಬೇಕು. ಟ್ಯೂಬ್ ಅಂಡ್ ಫಿನ್ ಹಗುರ. ಹೊರಗಿನ ಗಾಳಿ ಅದರ ಮೂಲಕ ಸಲೀಸಾಗಿ ಹಾಯುತ್ತದೆ, ಹಿಂದಿರುವ ಕಂಡೆನ್ಸರ್‌ಗೂ ಒಳ್ಳೇದು. ನಮ್ಮ ಬಿಸಿಲಿಗೆ, ದಿನಾ ಓಡುವ ಎಸಿ ಗಾಡಿಗೆ ನಾನು ಟ್ಯೂಬ್ ಅಂಡ್ ಫಿನ್ ಅಂತೀನಿ.

ಬೂಸ್ಟ್_ಅಫಜಲಪುರ
ಒಪ್ಪಲ್ಲ. ಏರಿನಲ್ಲಿ ಪದೇಪದೇ ಎಳೆಯುವಾಗ ಬಾರ್ ಅಂಡ್ ಪ್ಲೇಟ್‌ನ ತೂಕವೇ ಕಾಪಾಡುವುದು.

ನೌಬಾದ್_ಗ್ಯಾರೇಜ್
ಒಂದು ಓವರ್‌ಟೇಕ್‌ಗೆ ಕಾಪಾಡುತ್ತದೆ. ಆಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ ಅದೇ ತೂಕ ಬಿಸಿ ಹಿಡಿದುಕೊಂಡು ಕೂರುತ್ತದೆ. ಅವರ ದೂರೇ ಟ್ರಾಫಿಕ್ ಆದ ಮೇಲಿನದು, ಮರೆಯಬೇಡಿ.

ತೊಗರಿನಾಡು
ನನ್ನದೊಂದು ಉಪಾಯ. ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸುವ ಪಂಪ್ ಹಾಕಿದರೆ? ವೈಪರ್ ನೀರಿನ ಮೋಟರ್ ಸಾಕು, ಖರ್ಚೂ ಕಡಿಮೆ.

ಥಂಡಾಗಾಳಿ_ಎಸಿ
ನಮ್ಮ ಬೋರ್‌ವೆಲ್ ನೀರು ಹಾಕಿದರೆ ಒಂದೇ ಬೇಸಿಗೆಯಲ್ಲಿ ಫಿನ್ ಮೇಲೆ ಬಿಳೀ ಪೊರೆ ಕಟ್ಟುತ್ತದೆ. ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತಿರುತ್ತದೆ. ಆರ್‌ಒ ಅಥವಾ ಡಿಸ್ಟಿಲ್ಡ್ ನೀರು ಬೇಕು. ನಮ್ಮ ಒಣ ಹವೆಯಲ್ಲಿ ನೀರು ಬೇಗ ಆರುತ್ತದೆ, ಕೂಲರ್ ಚೆನ್ನಾಗಿಯೇ ತಣಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇಷ್ಟು ಕೆಲಸ ಮಾಡಲ್ಲ.

ಭೀಮಾತೀರ_33
ನೀರಿನ ವಿಷಯ ಹಳೇದು. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮೊದಲ ಟರ್ಬೊ ಕಾರುಗಳಲ್ಲಿ ಒಂದು. ಅದರಲ್ಲಿ ಇಂಟರ್‌ಕೂಲರ್ ಇರಲಿಲ್ಲ. ನೀರು, ಮೆಥನಾಲ್ ಬೆರೆಸಿದ ದ್ರವವನ್ನ ಎಂಜಿನ್ ಎಳೆಯುವ ಗಾಳಿಗೇ ಸೇರಿಸುತ್ತಿದ್ದರು. ಜನ ಆ ಡಬ್ಬಿ ತುಂಬಿಸುತ್ತಿರಲಿಲ್ಲ, ಅದೇ ಅದರ ದೊಡ್ಡ ತೊಂದರೆ. ದಿನಾ ಓಡುವ ಗಾಡಿಗೆ ಮರೆತರೂ ನಡೆಯುವ ವ್ಯವಸ್ಥೆ ಬೇಕು.

ತೊಗರಿನಾಡು
ಮೆಥನಾಲ್ ಅಂದಿದ್ದಕ್ಕೆ ನೆನಪಾಯಿತು. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ದಮ್ಮು ಕಡಿಮೆ ಆಗಲು ಅದೇ ಕಾರಣ ಇರಬಹುದಲ್ವಾ?

ಭೀಮಾತೀರ_33
ಎಥನಾಲ್‌ಗೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಜಾಸ್ತಿ, ಆವಿಯಾಗುವಾಗ ತಂಪೂ ಮಾಡುತ್ತದೆ. ನಾಕಿಂಗ್ ವಿಷಯದಲ್ಲಿ ಅದು ಟರ್ಬೊ ಎಂಜಿನ್‌ಗೆ ಒಳ್ಳೇದೇ. ಲೀಟರ್‌ಗೆ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಬೀಳುತ್ತದೆ. ಹಳೇ ಗಾಡಿಯ ರಬ್ಬರ್ ಪೈಪ್, ಸೀಲ್ ಮೇಲೆ ಕಣ್ಣಿಡಿ. ಆದರೆ ಇವರದು ಬರೀ ಬೇಸಿಗೆ ಮಧ್ಯಾಹ್ನದ ರೋಗ. ಪೆಟ್ರೋಲ್ ಕಾರಣ ಆಗಿದ್ದರೆ ಡಿಸೆಂಬರ್‌ನಲ್ಲೂ ಕಾಣಬೇಕಿತ್ತು.

ಕರಿಕೋಟು_ಗುಲ್ಬರ್ಗಾ
ಕಾನೂನಿನ ಕಡೆಯೂ ಸ್ವಲ್ಪ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿನ ಬಗ್ಗೆ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಬಿಗಿಯಾಗಿಯೇ ಓದಿದೆ. ಆರ್‌ಸಿಯಲ್ಲಿ ಇಂಟರ್‌ಕೂಲರ್ ಅಂತ ಕಾಲಂ ಇಲ್ಲ, ಖರೇ. ಆದರೆ ಜಾಗ ಮಾಡಲು ಬಂಪರ್ ಹಿಂದಿನ ಕ್ರ್ಯಾಶ್ ಬಾರ್ ಕತ್ತರಿಸುತ್ತಾರಲ್ಲ, ಅದು ಬೇರೆ ಮಾತು. ಅಪಘಾತ ಆದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದು ಅದನ್ನೇ. 2006ರ ಗಾಡಿ ಅಂದರೆ 15 ವರ್ಷ ಮುಗಿದು ಆರ್‌ಸಿ ನವೀಕರಣ ಆಗಿದೆ. ಅದು ಐದು ವರ್ಷಕ್ಕಷ್ಟೇ, ಮತ್ತೆ ಆರ್‌ಟಿಒ ಮುಂದೆ ನಿಲ್ಲಿಸಬೇಕು.

ನೌಬಾದ್_ಗ್ಯಾರೇಜ್
ಕ್ರ್ಯಾಶ್ ಬಾರ್ ಮುಟ್ಟಲೇಬೇಡಿ. ಕಾನೂನು ಪಕ್ಕಕ್ಕಿರಲಿ, ಒಳಗೆ ಕೂರುವುದು ನಿಮ್ಮ ಮನೆಯವರು. ಕ್ರ್ಯಾಶ್ ಬಾರ್ ಕೊಯ್ಯದೆ ಕೂರದ ಕೂಲರ್ ನಿಮ್ಮ ಗಾಡಿಗೆ ಬೇಡವೇ ಬೇಡ.

ಸೇಡಂರೋಡ್_32
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಲಾಗ್ ತೆಗೆದೆವು. ಮಧ್ಯಾಹ್ನ, ಹೊರಗೆ 42 ಡಿಗ್ರಿ. ಇಸಿಯು ಕೇಳಿದ್ದು 1,550 ಮಿಲಿಬಾರ್ (ಹೊರಗಿನ ಗಾಳಿಯ ಒತ್ತಡವೂ ಸೇರಿ), ಸಿಕ್ಕಿದ್ದು 1,380. ಗಾಳಿಯ ಬಿಸಿ ಎಳೆತದ ಕೊನೆಗೆ 75. ಎರಡು ಸಿಲಿಂಡರ್‌ನಲ್ಲಿ ಟೈಮಿಂಗ್ 6 ಡಿಗ್ರಿ ಹಿಂದೆ ಸರಿದಿತ್ತು.

ಆಮೇಲೆ ಬಂಪರ್ ಬಿಚ್ಚಿಸಿದೆ. ನೌಬಾದ್ ಅಣ್ಣಾರು ಹೇಳಿದ ಹಾಗೆ ಡಕ್ಟ್ ಇಲ್ಲವೇ ಇಲ್ಲ. ಅದರ ಒಂದು ಕ್ಲಿಪ್ ಮಾತ್ರ ತೂಗಾಡುತ್ತಿತ್ತು. ಇಂಟರ್‌ಕೂಲರ್‌ನ ಕೆಳಗಿನ ಮೂರನೇ ಒಂದು ಭಾಗ ಕರೀ ಜಿಡ್ಡಿನಿಂದ ಮುಚ್ಚಿದೆ. ಬೆರಳಿನಿಂದ ಕೆರೆದರೆ ಮೇಣದ ಹಾಗೆ ಸುರುಳಿ ಬರುತ್ತದೆ, ಒಳಗೆ ಸಣ್ಣ ಕಲ್ಲುಪುಡಿ. ಫಿನ್ ಕಾಣುವುದೇ ಇಲ್ಲ. ಫೋಟೊ ಹಾಕಿದ್ದೇನೆ. ಬೂಸ್ಟ್ ಎಲ್ಲಿ ಹೋಗುತ್ತಿದೆ ಅಂತ ಹೇಗೆ ಹುಡುಕುವುದು?

ನೌಬಾದ್_ಗ್ಯಾರೇಜ್
ಫೋಟೊ ನೋಡಿದೆ. ಆ ಜಿಡ್ಡೇ ಸಾಕ್ಷಿ, ಅಲ್ಲೆಲ್ಲೋ ಹೋಸ್ ಜಿನುಗುತ್ತಿದೆ. ಪ್ರೆಶರ್ ಟೆಸ್ಟ್ ಮಾಡಿ. ಪ್ಲಂಬಿಂಗ್ ಅಂಗಡಿಯಲ್ಲಿ ಟರ್ಬೊ ಬಾಯಿಯ ಪೈಪ್ ಅಳತೆಗೆ ಹೊಂದುವ ಪಿವಿಸಿ ಎಂಡ್ ಕ್ಯಾಪ್ ತನ್ನಿ. ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರ್ ವಾಲ್ವ್ ಕೂರಿಸಿ. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಅಲ್ಲಿ ಈ ಕ್ಯಾಪ್ ಸಿಕ್ಕಿಸಿ ಕ್ಲಿಪ್ ಬಿಗಿಯಿರಿ. ಎಂಜಿನ್ ಬ್ರೀದರ್ ಪೈಪ್ ಬೇರೆ ಮಾಡಿ ಅದರ ಬಾಯಿ ಮುಚ್ಚಿ, ಇಲ್ಲದಿದ್ದರೆ ಒತ್ತಡ ಆಯಿಲ್ ಸೀಲ್ ಮೇಲೆ ಬೀಳುತ್ತದೆ. ರೆಗ್ಯುಲೇಟರ್ ಇರುವ ಕಂಪ್ರೆಸರ್‌ನಿಂದ ನಿಧಾನ ಗಾಳಿ ಬಿಡಿ, 10 ಪಿಎಸ್ಐ ದಾಟಬೇಡಿ. ಟೈರ್ ಅಂಗಡಿಯ 100 ಪಿಎಸ್ಐ ಪೈಪ್ ನೇರ ಹಚ್ಚಿದರೆ ಕ್ಯಾಪ್ ಸಿಡಿದು ಮುಖಕ್ಕೆ ಬಡಿಯುತ್ತದೆ, ಮುಂದೆ ನಿಲ್ಲಬೇಡಿ.

ಆಮೇಲೆ ಸೋಪಿನ ನೀರು. ಜೋಡಣೆ, ಬಾಗು, ಡೈವರ್ಟರ್ ವಾಲ್ವ್ ಎಲ್ಲ ಕಡೆ ಹಚ್ಚಿ. ಹೋಸ್‌ನ ಕೆಳಗಿನ ಮೈ ಕೈಯಿಂದ ತಡವಿ ನೋಡಿ, ಬಿರುಕು ಯಾವಾಗಲೂ ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ. ಕೂಲರ್ ಹೊರಮೈ ತೊಳೆಯಲು ಡಿಗ್ರೀಸರ್ ಹಾಕಿ ನೆನೆಬಿಡಿ, ಮೆತ್ತಗಿನ ಬ್ರಷ್ ಬಳಸಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಡಚಿ ಮಲಗುತ್ತವೆ.

ಬೂಸ್ಟ್_ಅಫಜಲಪುರ
ಇಷ್ಟೆಲ್ಲ ಬಿಚ್ಚಿದ್ದೀರಿ, ಈಗಲೇ ದೊಡ್ಡದು ಕೂರಿಸಿಬಿಡಿ. ಎರಡು ಸಲ ಮಜೂರಿ ಯಾಕೆ?

ಭೀಮಾತೀರ_33
ಯಾಕೆಂದರೆ ಸೋರುವ ಹೋಸ್ ಹಾಗೇ ಇಟ್ಟು ದೊಡ್ಡದು ಕೂರಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ. ಸೋರಿದ ಗಾಳಿ ತುಂಬಿಸಲು ಟರ್ಬೊ ಹೆಚ್ಚು ತಿರುಗುತ್ತಿರುತ್ತದೆ, ಅದರಿಂದಲೇ ಗಾಳಿ ಬಿಸಿ. ಆ 75 ಡಿಗ್ರಿ ಪೂರ್ತಿ ಇಂಟರ್‌ಕೂಲರ್ ತಪ್ಪಲ್ಲ.

ಸೇಡಂರೋಡ್_32
ಸಿಕ್ಕಿತು. ಇಂಟರ್‌ಕೂಲರ್‌ನಿಂದ ಹೊರಬರುವ ಕೆಳಗಿನ ಬಾಗಿನ ಹೋಸ್. ಆಯಿಲ್ ಕುಡಿದು ಮೆತ್ತಗಾಗಿತ್ತು. ಕ್ಲಿಪ್ ಪಕ್ಕದಲ್ಲಿ ಬಿರುಕು, ಸುಮ್ಮನಿದ್ದಾಗ ಕೂದಲೆಳೆಯಷ್ಟು, ಗಾಳಿ ಬಿಟ್ಟಾಗ ತುಟಿ ತೆರೆದಂತೆ ಬಿಚ್ಚಿಕೊಂಡು ಸೋಪಿನ ನೊರೆ ಹಾರುತ್ತಿತ್ತು. ಹೊಸ ಸಿಲಿಕಾನ್ ಹೋಸ್, ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿಸಿದೆ. ಡಕ್ಟ್ ಹಳೇದು ಸಿಗಲಿಲ್ಲ, ಕಪನೂರದವರು ತೆಳು ಅಲ್ಯೂಮಿನಿಯಂ ಶೀಟ್‌ನಲ್ಲಿ ಮಾಡಿಕೊಟ್ಟರು, ಅಂಚಿಗೆ ಫೋಮ್ ಅಂಟಿಸಿದ್ದಾರೆ. ಕೂಲರ್ ತೊಳೆದು ಹೊರಮೈ ಪೂರ್ತಿ ಸ್ವಚ್ಛ.

ಅದೇ ರಸ್ತೆ, ಅದೇ 42 ಡಿಗ್ರಿ. ಈಗ ಬೂಸ್ಟ್ 1,530. ಗಾಳಿಯ ಬಿಸಿ 63. ಟೈಮಿಂಗ್ 2 ಡಿಗ್ರಿಗಿಂತ ಜಾಸ್ತಿ ಸರಿಯುತ್ತಿಲ್ಲ. ಕಮಲಾಪುರದ ಆಚೆ ಲಾರಿ ಹಿಂದೆ ಹಾಕುವುದು ಈಗ ಕಷ್ಟವೇ ಇಲ್ಲ. ಆದರೆ ಟ್ರಾಫಿಕ್‌ನಲ್ಲಿ ನಿಂತು ಬಂದಾಗ ಮೊದಲ ಒಂದು ಕಿಲೋಮೀಟರ್ ಈಗಲೂ ಮಂದ.

ಭೀಮಾತೀರ_33
ನಿಂತಾಗ ಬಿಸಿಯಾಗುವುದು ಎಲ್ಲ ಇಂಟರ್‌ಕೂಲರ್‌ಗೂ ಇದ್ದದ್ದೇ. ಹೊರಗೆ 42 ಇದ್ದಾಗ ಒಳಗೆ 63 ಅಂದರೆ ಸ್ಟಾಕ್ ಬೂಸ್ಟ್‌ಗೆ ಬಹಳ ಚೆನ್ನಾಗಿದೆ. ಎಷ್ಟೇ ದೊಡ್ಡದು ಹಾಕಿದರೂ 42ರ ಕೆಳಗೆ ಇಳಿಯಲ್ಲ. ಇನ್ನು ಆರೇಳು ಡಿಗ್ರಿಗೋಸ್ಕರ ಕಂಡೆನ್ಸರ್ ಮುಂದೆ ಅಡ್ಡ ನಿಲ್ಲಿಸುವುದು ನನಗೆ ಸರಿ ಕಾಣಲ್ಲ.

ಬೂಸ್ಟ್_ಅಫಜಲಪುರ
ಇವತ್ತು ಸ್ಟಾಕ್. ನಾಳೆ ರೀಮ್ಯಾಪ್ ಮಾಡಿಸಿ 1 ಬಾರ್ ಹತ್ತಿರ ಒಯ್ದರೆ ಈ ಚಿಕ್ಕ ಕೂಲರ್ ಎರಡೇ ಎಳೆತಕ್ಕೆ ಕೈ ಎತ್ತುತ್ತದೆ. ಅವಾಗ ದೊಡ್ಡದು ಬೇಕೇ ಬೇಕು. ಇದನ್ನಾದರೂ ಒಪ್ಪಿ.

ಭೀಮಾತೀರ_33
ಒಪ್ಪುತ್ತೇನೆ. ಆದರೆ ಕೂಲರ್ ಮೊದಲು, ರೀಮ್ಯಾಪ್ ಆಮೇಲೆ. ನಮ್ಮೂರ ಮೇ ತಿಂಗಳಲ್ಲಿ ಉಲ್ಟಾ ಮಾಡಿದರೆ ಪಿಸ್ಟನ್‌ಗೆ ಅಪಾಯ.

ಸೇಡಂರೋಡ್_32
ರೀಮ್ಯಾಪ್ ಸದ್ಯಕ್ಕಿಲ್ಲ. ಮೂಲೆಯಲ್ಲೇ ಕೂರುವ, ಈಗಿನದಕ್ಕಿಂತ ದಪ್ಪನೆಯ ಸೈಡ್ ಮೌಂಟ್ ಸಿಗುತ್ತದಂತೆ. ಬಂಪರ್ ಕತ್ತರಿಸಬೇಕಿಲ್ಲ, ಕಂಡೆನ್ಸರ್ ಮುಂದೆ ಏನೂ ಬರಲ್ಲ. ಮಳೆಗಾಲದ ನಂತರ ಅದನ್ನ ನೋಡೋಣ ಅಂತಿದ್ದೇನೆ. ಏನಂತೀರಿ?

ನೌಬಾದ್_ಗ್ಯಾರೇಜ್
ಅದು ಸರಿಯಾದ ದಾರಿ. ತರಿಸುವ ಮುಂಚೆ ಗಾಲಿ ಪೂರ್ತಿ ತಿರುಗಿಸಿ ಲೈನರ್‌ಗೂ ಹೊಸ ಕೂಲರ್‌ಗೂ ಎಷ್ಟು ಜಾಗ ಉಳಿಯುತ್ತದೆ ಅಳೆದುಕೊಳ್ಳಿ. ಲೈನರ್‌ನ ಕಿಂಡಿ ಮುಚ್ಚಬಾರದು. ದಪ್ಪ ಕೂಲರ್‌ಗೆ ಈಗಿನ ಡಕ್ಟ್ ಹೊಂದಲ್ಲ, ಮತ್ತೊಂದು ಮಾಡಿಸಬೇಕು.

ಕಪನೂರ_ಆರ್ಗಾನ್
ಡಕ್ಟ್ ಅಳತೆ ನನ್ನ ಹತ್ತಿರ ಇದೆ. ಕೂಲರ್ ಬಂದ ಮೇಲೆ ಬಂಪರ್ ಬಿಚ್ಚಿಕೊಂಡೇ ಬನ್ನಿ.

ತೊಗರಿನಾಡು
ನನ್ನ ಹಳೇ ಡೀಸೆಲ್ ಗಾಡಿಯಲ್ಲೂ ಇದೇ ಜಿಡ್ಡು ಇದೆ, ಇವತ್ತು ಸಂಜೆ ನೋಡಿದೆ. ಆ ಪಿವಿಸಿ ಕ್ಯಾಪ್ ಯಾವ ಸೈಜ್ ತರಬೇಕು?

ನೌಬಾದ್_ಗ್ಯಾರೇಜ್
ಗಾಡಿ ಮೇಲೆ ಹೋಗುತ್ತದೆ. ಪೈಪ್ ಬಿಚ್ಚಿ, ಒಳಗಿನ ಅಗಲ ಅಳೆದು ಅಂಗಡಿಗೆ ಹೋಗಿ. ಕ್ಯಾಪ್ ಸಡಿಲ ಬಂದರೆ ಸೈಕಲ್ ಟ್ಯೂಬ್ ಸುತ್ತಿ.